ನಲವತ್ತು ಮೂಟೆ ಹಿಕ್ಕೆ

ಕರಿಸಿದ್ದಪ್ಪನ ಕುರಿರೊಪ್ಪದಿಂದ ನಲವತ್ತು ಮೂಟೆ ಹಿಕ್ಕೆ ಬಂದು ಕೊಬ್ಬರಿ ಶೆಡ್ಡಿನಲ್ಲಿ ಇಳಿದ ದಿನ ತಮ್ಮಯ್ಯ ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ತೋಟದ ಪಂಪ್‌ಸೆಟ್ ಮನೆಯಲ್ಲೇ ಕುಳಿತುಬಿಟ್ಟರು. ಹೆಂಡತಿ ಕಾಮಾಕ್ಷಮ್ಮ ಎರಡು ಸಲ ಹೇಳಿ ಕಳಿಸಿದ ಮೇಲೆ ಮೂರು ಗಂಟೆಗೆ ಬಂದು, ಕೈಕಾಲು ತೊಳೆದು, ತಟ್ಟೆಯ ಮುಂದೆ ಕೂತರು.

"ಕಾಮಾಕ್ಷಿ, ಆ ಶೆಡ್ಡಲ್ಲಿರೋದು ಏನು ಅಂತ ಕೇಳು ನಿನ್ನ ಸೊಸೇನ."

ಸೊಸೆ ಶರ್ಮಿಳಾ ಸಾರಿನ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದಳು. ಆ ಮನೆಯಲ್ಲಿ ಮಾವ ಸೊಸೆ ನೇರವಾಗಿ ಮಾತಾಡುವ ರೂಢಿ ಇರಲಿಲ್ಲ. ಅದು ಕೋಪವಲ್ಲ, ಮರ್ಯಾದೆ. ಮದುವೆಯಾಗಿ ಒಂಬತ್ತು ವರ್ಷ, ಅವರಿಬ್ಬರ ಮಾತೆಲ್ಲ ಕಾಮಾಕ್ಷಮ್ಮನ ಮೂಲಕವೇ ಹೋಗಿ ಬಂದಿತ್ತು.

"ಹಿಕ್ಕೆ ಅಂತ ಗೊತ್ತಿದ್ದೂ ಕೇಳ್ತೀರಲ್ಲ," ಎಂದರು ಕಾಮಾಕ್ಷಮ್ಮ. "ಮಾರಾಟಕ್ಕಂತೆ. ಬೆಂಗ್ಳೂರು ಮೈಸೂರಲ್ಲಿ ತಾರಸಿ ಮೇಲೆ ಕುಂಡದಲ್ಲಿ ಗಿಡ ಬೆಳೀತಾರಂತೆ, ಅವ್ರಿಗೆ."

ತಮ್ಮಯ್ಯ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದರು. "ಹಿಕ್ಕೆ ಮಾರೋದಾ? ನಮ್ಮಪ್ಪ ಇನ್ನೂರು ಕುರಿ ಮಂದೆ ತೋಟದಲ್ಲಿ ನಿಲ್ಲಿಸ್ತಿದ್ದ. ಪಕ್ಕದ ತೋಟದೋರು ಕೇಳಿದ್ರೆ ಒಂದು ಗಾಡಿ ಸುಮ್ನೆ ಹೊಡ್ಕೊಂಡು ಹೋಗಿ ಅಂತಿದ್ದ. ಈಗ ಅದಕ್ಕೂ ತಕ್ಕಡಿ ಇಡೋ ಕಾಲ ಬಂತು."

ಮಗ ಸತೀಶ ಮಜ್ಜಿಗೆ ಸುರಿದುಕೊಳ್ಳುತ್ತ ನಕ್ಕ. "ಅಪ್ಪ, ಅದಕ್ಕೆ ವೆಬ್‌ಸೈಟ್ ಬೇರೆ ಮಾಡ್ತಾಳಂತೆ. ಕಡೂರಿಗೆ ಹೋಗಿ ಕಂಪ್ಯೂಟರ್ ಕಲೀತಾವ್ಳೆ."

"ಕಲೀಲಿ. ಶೆಡ್ ಮಾತ್ರ ಖಾಲಿ ಮಾಡ್ಬೇಕು."

ಶೆಡ್ಡಿನ ವಿಷಯವೇ ನಿಜವಾದ ತೊಡಕು. ಮೇಲಿನ ಅಟ್ಟದಲ್ಲಿ ಕಾಯಿ ಒಣಗುತ್ತಿದ್ದರೂ ಕೆಳಗಿನ ಜಾಗ ಖಾಲಿ ಬಿದ್ದಿತ್ತು. ಚೌಳಹಿರಿಯೂರಿನ ಗೊಬ್ಬರದಂಗಡಿ ಯೋಗಾನಂದ ತನ್ನ ಯೂರಿಯಾ ಚೀಲ ಇಡಲು ಬಾಡಿಗೆಗೆ ಕೇಳಿದ್ದ. ಯುಗಾದಿಯಿಂದ ಕೊಡುತ್ತೇನೆ ಎಂದು ಸತೀಶ ಒಪ್ಪಿದ್ದ.

"ನೀವು ಒಪ್ಪೋಕಿಂತ ಮುಂಚೆ ನನ್ನ ಒಂದು ಮಾತು ಕೇಳ್ಬೋದಿತ್ತು," ಎಂದಳು ಶರ್ಮಿಳಾ ಗಂಡನಿಗೆ.

"ನೀನು ಹಿಕ್ಕೆ ತರೋಕೆ ಮುಂಚೆ ನನ್ನ ಕೇಳಿದ್ಯಾ?"

"ಕೇಳಿದ್ದೆ. ಏನಾದ್ರೂ ಮಾಡ್ಕೊ ಅಂದ್ರಿ."

ಕಾಮಾಕ್ಷಮ್ಮ ಮಜ್ಜಿಗೆ ಪಾತ್ರೆಯನ್ನು ಇಬ್ಬರ ನಡುವೆ ಕುಕ್ಕಿದರು. "ಉಣ್ಣೋ ಹೊತ್ತಲ್ಲಿ ಬ್ಯಾಡ. ಯುಗಾದಿಗೆ ಇನ್ನೂ ಎರಡು ತಿಂಗಳದೆ. ಅಷ್ಟರೊಳಗೆ ನಲವತ್ತರಲ್ಲಿ ಅರ್ಧ ಖಾಲಿಯಾದ್ರೆ ಶೆಡ್ ಅವಳದು. ಆಗಲಿಲ್ವಾ, ಯೋಗಾನಂದಂದು. ಉಳಿದ ಹಿಕ್ಕೆ ತೋಟಕ್ಕೆ. ಆಯ್ತಾ?"

ಯಾರೂ ಬೇಡ ಎನ್ನಲಿಲ್ಲ. ತಮ್ಮಯ್ಯ ಇನ್ನರ್ಧ ಮುದ್ದೆ ಹಾಕಿಸಿಕೊಂಡರು.

ಶರ್ಮಿಳಾ ಆ ಹಿಕ್ಕೆಗೆ ಹಾಕಿದ್ದು ನಾಲ್ಕು ವರ್ಷ ರವಿಕೆ ಹೊಲಿದು ಕೂಡಿಟ್ಟ ಹಣ. ದಿನವೂ ಬೆಳಿಗ್ಗೆ ಕೊಟ್ಟಿಗೆ, ತಿಂಡಿ, ಪಾತ್ರೆ ಮುಗಿಸಿ ಶೆಡ್ಡಿಗೆ ಹೋಗುತ್ತಿದ್ದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಿಕ್ಕೆ ಕುಟ್ಟಿ, ಜರಡಿ ಹಿಡಿದು, ಕಡ್ಡಿ ಕಸ ಆರಿಸಿ, ಐದೈದು ಕೆಜಿ ಚೀಲ ಮಾಡಿ, ಉಳಿದದ್ದನ್ನು ಮತ್ತೆ ಮೂಟೆಗೇ ತುಂಬಿ ಬಾಯಿ ಹೊಲಿಯುತ್ತಿದ್ದಳು. ವಾರಕ್ಕೆ ಮೂರು ದಿನ ಮಧ್ಯಾಹ್ನ ಬಸ್ಸು ಹತ್ತಿ ಕಡೂರಿನ ಕಂಪ್ಯೂಟರ್ ತರಗತಿಗೆ ಹೋಗಿ ಐದೂವರೆಗೆ ಹಿಂದಿರುಗುತ್ತಿದ್ದಳು. ಅಷ್ಟರಲ್ಲಿ ಹಸುವಿನ ಹಾಲು ಕರೆಯುವ ಹೊತ್ತು ಮೀರಿದ್ದರೆ ಕಾಮಾಕ್ಷಮ್ಮನ ಮುಖ ಊದಿರುತ್ತಿತ್ತು.

ವೆಬ್‌ಸೈಟ್ ಕಟ್ಟುವುದು ಅವಳು ಅಂದುಕೊಂಡದ್ದಕ್ಕಿಂತ ಸುಲಭವೂ ಆಗಿತ್ತು, ಕಷ್ಟವೂ ಆಗಿತ್ತು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಪುಟ ತೆರೆಯುವುದನ್ನು ಮೂರನೇ ದಿನಕ್ಕೆ ಕಲಿತಳು. ಬರೆಯಲು ಕೂತಾಗ ಕೈ ನಿಂತಿತು. "ನಮ್ಮ ಸಂಸ್ಥೆಗೆ ಸ್ವಾಗತ" ಎಂದು ಬರೆದು, ಸಂಸ್ಥೆಯಲ್ಲಿ ಇರುವವಳು ತಾನೊಬ್ಬಳೇ ಎಂದು ನೆನಪಾಗಿ ಅಳಿಸಿದಳು. ಕೊನೆಗೆ "ನಾನು ಯಗಟಿಯ ಶರ್ಮಿಳಾ. ನಮ್ಮ ಕಡೆಯ ಕುರಿಹಿಕ್ಕೆಯನ್ನು ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು ಕಳಿಸುತ್ತೇನೆ" ಎಂದಷ್ಟೇ ಬರೆದಳು. ಅದು ತೀರ ಬೋಳಾಯಿತೇನೋ ಎಂದು ಎರಡು ದಿನ ಅಳುಕಿದಳು. ಹೆಸರು "ಯಗಟಿ ಹಿಕ್ಕೆ" ಎಂದೇ ಇಟ್ಟಳು.

ಕಾಮಾಕ್ಷಮ್ಮ ಕನ್ನಡಕ ಹಾಕಿಕೊಂಡು ಬಂದು ಬಗ್ಗಿ ನೋಡಿದರು.

"ಈ ಕುರಿ ಯಾವೂರಿಂದೇ?"

"ಇಂಟರ್‌ನೆಟ್ಟಲ್ಲಿ ಸಿಕ್ತು ಅತ್ತೆ. ಚೆನ್ನಾಗಿದೆ ಅಂತ ಹಾಕ್ದೆ."

"ಹತ್ತಿ ಮೂಟೆ ಇದ್ದಂಗದೆ. ಕರಿಸಿದ್ದಪ್ಪನ ಕುರಿ ಕರ್ರಗಿರೋದು. ಇದನ್ನ ನೋಡಿ ತಗೊಂಡೋನು ನಾಳೆ ಬಂದು ಆ ಬಿಳಿ ಕುರಿ ಎಲ್ಲಿ ಅಂತ ಕೇಳಿದ್ರೆ?"

ಮಾರನೆಯ ದಿನ ಶರ್ಮಿಳಾ ಕರಿಸಿದ್ದಪ್ಪನ ರೊಪ್ಪಕ್ಕೆ ಹೋಗಿ ಫೋಟೋ ತೆಗೆದಳು. ಕುರಿಗಳು ಒಂದೂ ಇತ್ತ ತಿರುಗಲಿಲ್ಲ. ಕರಿಸಿದ್ದಪ್ಪ ಮಾತ್ರ ತಲೆಗೆ ಹೊಸ ರುಮಾಲು ಸುತ್ತಿಕೊಂಡು ಬಂದು ನಿಂತ.

ಉಳಿದದ್ದು ಫೋನ್ ನಂಬರು. ಪುಟದ ಕೆಳಗೆ "ಬೇಕಾದವರು ಫೋನ್ ಮಾಡಿ" ಎಂಬ ಹಸಿರು ಗುಂಡಿ ಇಟ್ಟಿದ್ದಳು. ಅದರಲ್ಲಿ ತನ್ನ ನಂಬರು ಹಾಕಲು ಹೊರಟಾಗ ಸತೀಶ ತಡೆದ.

"ಹೆಂಗಸರ ನಂಬರ್ ಹಾಕ್ಬೇಡ. ಕಂಡಕಂಡೋರೆಲ್ಲ ಫೋನ್ ಮಾಡಿ ತಲೆ ತಿಂತಾರೆ."

"ಹಂಗಾದ್ರೆ ನಿಮ್ದು ಕೊಡಿ."

"ನಾನು ಟ್ರ್ಯಾಕ್ಟರ್ ಮೇಲಿರ್ತೀನಿ, ಕೇಳಿಸಲ್ಲ. ಅಪ್ಪಂದು ಹಾಕು. ಫೋನ್ ಬಂದ್ರೆ ನಿಂಗೆ ಕೊಡೋಕೆ ನಾನು ಹೇಳಿರ್ತೀನಿ."

ಅವಳು ಮಾವನ ನಂಬರು ಹಾಕಿ, ಹತ್ತು ಅಂಕಿಯನ್ನೂ ಮೂರು ಸಲ ತಾಳೆ ನೋಡಿದಳು. ಸತೀಶ ಹೇಳುವುದನ್ನು ಮರೆತ.

ನಾಲ್ಕನೆಯ ದಿನ ತಮ್ಮಯ್ಯ ತೆಂಗಿನ ಪಾತಿಗೆ ನೀರು ಬಿಡುತ್ತಿದ್ದಾಗ ಜೇಬಿನಲ್ಲಿದ್ದ ಗುಂಡಿ ಫೋನು ಹೊಡೆದುಕೊಂಡಿತು.

"ಸಾರ್, ಯಗಟಿಯಾ? ಕುರಿಗೊಬ್ಬರ ಸಿಗುತ್ತಾ?"

"ಸಿಗದೆ ಏನು. ತಾವು ಯಾರು? ಯಾವೂರು?"

"ಮೈಸೂರಿಂದ ಮಾತಾಡ್ತಿದೀನಿ. ಮನೆ ಮೇಲೆ ಗುಲಾಬಿ ಇಟ್ಟಿದೀನಿ, ಹತ್ತು ಕುಂಡ. ಎಷ್ಟಾಗುತ್ತೆ ಸಾರ್?"

ತಮ್ಮಯ್ಯನಿಗೆ ನಗು ಬಂತು. ಹತ್ತು ಕುಂಡಕ್ಕೆ ಬೇಕಾದ ಹಿಕ್ಕೆಗೆ ಯಾರಾದರೂ ಬೆಲೆ ಹೇಳುತ್ತಾರೆಯೇ? "ದುಡ್ಡು ಯಾಕೆ ಸ್ವಾಮಿ. ಬಂದು ಒಂದು ಚೀಲ ತುಂಬ್ಕೊಂಡು ಹೋಗಿ. ಹಂಗೇ ಹಾಕ್ಬೇಡಿ, ಕಾವು ಜಾಸ್ತಿ, ಬೇರು ಸುಡ್ತದೆ. ಹಿಂದಿನ ದಿನ ನೀರಲ್ಲಿ ನೆನೆಸಿ, ಬುಡದಿಂದ ಒಂದು ಗೇಣು ದೂರಕ್ಕೆ ಹಾಕಿ."

ಆ ಕಡೆಯ ಮನುಷ್ಯ ತಬ್ಬಿಬ್ಬಾಗಿ, ಹೆಸರು ಹೇಳಿ, ಥ್ಯಾಂಕ್ಸ್ ಎಂದು ಫೋನ್ ಇಟ್ಟ. ತಮ್ಮಯ್ಯ ಜೇಬಿನ ಪುಟ್ಟ ಪುಸ್ತಕ ತೆಗೆದು ಕಾಯಿ ಕೀಳಿಸಿದ ತಾರೀಕುಗಳ ಹಿಂದಿನ ಪುಟದಲ್ಲಿ ಅವನ ಹೆಸರು, ಊರು, ನಂಬರು ಬರೆದುಕೊಂಡರು. ಕೊಡುತ್ತೇನೆ ಎಂದ ಮೇಲೆ ಬಂದಾಗ ಮರೆಯಬಾರದು. ಅಪ್ಪನ ಕಾಲದಿಂದ ಮಂದೆ ನಿಲ್ಲಿಸಿದ ಮನೆಯ ಹೆಸರು ಹೇಗೋ ಮೈಸೂರಿನವರೆಗೆ ಹೋಗಿದೆ ಎಂದುಕೊಂಡು ಸಂಜೆ ಹೋಟೆಲಿನ ಬೆಂಚಿನ ಮೇಲೆ ಅದನ್ನೇ ಹೇಳಿದರು. ಮನೆಯಲ್ಲಿ ಹೇಳಲಿಲ್ಲ. ಶೆಡ್ಡಿನ ಮಾತು ಬಂದ ಮೇಲೆ ಮನೆಯಲ್ಲಿ ಹಿಕ್ಕೆಯ ಹೆಸರೆತ್ತಲು ಅವರಿಗೆ ಇಷ್ಟವಿರಲಿಲ್ಲ.

ಆಮೇಲೆ ಫೋನ್ ಬರುತ್ತಲೇ ಹೋಯಿತು. ದಾವಣಗೆರೆಯಿಂದ, ಹಾಸನದಿಂದ, ಬೆಂಗಳೂರಿನ ಯಾವ್ಯಾವುದೋ ಬಡಾವಣೆಯಿಂದ. ತಮ್ಮಯ್ಯ ಎಲ್ಲರಿಗೂ ಊರು ಕೇಳಿದರು, ಯಾರ ಪೈಕಿ ಎಂದು ಕೇಳಿದರು, ಗಿಡಕ್ಕೆ ಔಷಧ ಹೇಳಿದರು, ಬಂದು ಒಂದು ಚೀಲ ತೆಗೆದುಕೊಂಡು ಹೋಗಿ ಎಂದರು.

ಇತ್ತ ಶರ್ಮಿಳಾ ಒಳಗೇ ಕುಸಿಯುತ್ತಿದ್ದಳು. ಪುಟ ನೋಡಿದವರ ಸಂಖ್ಯೆ ಇನ್ನೂರು ದಾಟಿತ್ತು, ಗಿರಾಕಿ ಒಬ್ಬರೂ ಇಲ್ಲ. ಬಣ್ಣ ಬದಲಿಸಿದಳು. ಫೋಟೋ ಮೇಲಕ್ಕೆ ತಂದಳು. ಬೆಲೆ ಹತ್ತು ರೂಪಾಯಿ ಇಳಿಸಿದಳು.

"ಅತ್ತೆ, ಮಾವಂಗೆ ಯಾರಾದ್ರೂ ಫೋನ್ ಮಾಡಿದ್ರಾ ಕೇಳಿ."

ಕಾಮಾಕ್ಷಮ್ಮ ಕಾಫಿ ಕೊಡುವಾಗ ಕೇಳಿದರು. "ರೀ, ಯಾರಾದ್ರೂ ಫೋನ್ ಮಾಡಿದ್ರಾ?"

"ದಿನಾ ಹತ್ತು ಜನ ಮಾಡ್ತಾರೆ. ಯಾರು ಅಂತ ಹೇಳ್ಲಿ?"

ಕಾಮಾಕ್ಷಮ್ಮ ಒಳಗೆ ಬಂದು, "ವಿಶೇಷ ಏನಿಲ್ಲ ಕಣೇ," ಎಂದರು. ಯುಗಾದಿಗೆ ಐದು ವಾರ ಉಳಿದಿತ್ತು. ಯೋಗಾನಂದ ಒಂದು ದಿನ ಬಂದು ಟೇಪು ಹಿಡಿದು ಶೆಡ್ಡಿನ ಉದ್ದಗಲ ಅಳೆದುಕೊಂಡು ಹೋದ. ಶರ್ಮಿಳಾ ಅವನಿಗೂ ಕಾಫಿ ಕೊಟ್ಟಳು.

ಆ ಗುರುವಾರ ಅವಳು ಕಡೂರಿನ ಬಸ್ಸಿಳಿದು ಬರುವಾಗ ಮನೆಯ ಮುಂದೆ ಬಿಳಿ ಕಾರು ನಿಂತಿತ್ತು. ಡಿಕ್ಕಿ ತೆರೆದಿತ್ತು. ಒಳಗೆ ಅವಳೇ ಕೈಯಾರೆ ಬಾಯಿ ಹೊಲಿದ ಮೂಟೆಗಳು. ಮೊದಲ ಗಿರಾಕಿ ಮನೆ ಬಾಗಿಲಿಗೇ ಬಂದಿದ್ದ. ಸೆರಗು ಸರಿಮಾಡಿಕೊಂಡು ಬೇಗ ಬೇಗ ಬಂದಳು.

ಜಗಲಿಯ ಮೇಲೆ ತರೀಕೆರೆಯ ಬಸವರಾಜ ಎಂಬ ನಿವೃತ್ತ ಇಂಜಿನಿಯರು ಎಳನೀರು ಕುಡಿದು ಮುಗಿಸಿ, ಜೇಬಿಗೆ ಕೈ ಹಾಕಿ ನಿಂತಿದ್ದರು. ತಮ್ಮಯ್ಯ ಅವರ ಮುಂಗೈಯನ್ನೇ ಹಿಡಿದುಕೊಂಡಿದ್ದರು.

"ಯಜಮಾನ್ರೆ, ಎರಡು ಸಣ್ಣ ಚೀಲ ಸಾಕು ಅಂದೆ, ಮೂರು ಮೂಟೆ ಹಾಕಿಸ್ಬಿಟ್ರಿ. ದುಡ್ಡಾದ್ರೂ ತಗೊಳ್ಳಿ."

"ಜೇಬಿಂದ ಕೈ ತೆಗೀರಿ ಮೊದ್ಲು. ಅಷ್ಟು ದೂರದಿಂದ ಬಂದಿದೀರಿ, ಹಿಕ್ಕೆಗೆ ದುಡ್ಡು ಇಸ್ಕೊಂಡ ಅನ್ನಿಸ್ಕೊಳ್ಳಾ ನಾನು?"

"ವೆಬ್‌ಸೈಟಲ್ಲಿ ರೇಟ್ ಹಾಕಿದೀರಲ್ಲ ಸಾರ್? ನಿಮ್ಮ ನಂಬರ್ ಪಕ್ಕದಲ್ಲೇ."

"ನನ್ನ ನಂಬರಾ?" ಎಂದರು ತಮ್ಮಯ್ಯ.

ಕಾರು ಹೊರಟಿತು. ಟ್ರ್ಯಾಕ್ಟರ್ ನಿಲ್ಲಿಸಿ ಬಂದ ಸತೀಶ ವಿಷಯ ತಿಳಿದು ತಲೆ ಕೆರೆದುಕೊಂಡ.

"ಹೇಳೋಣ ಅಂತಿದ್ದೆ ಅಪ್ಪ. ಮರ್ತೋಯ್ತು."

"ಕಾಮಾಕ್ಷಿ, ಕೇಳು ನಿನ್ನ ಸೊಸೇನ. ನನ್ನ ನಂಬರ್ ಊರಿಗೆಲ್ಲ ಹಂಚೋಕೆ ಯಾರು ಹೇಳಿದ್ರು?"

"ಅತ್ತೆ, ನೀವು ಕೇಳಿ. ನಾನು ಕುಟ್ಟಿ ಜರಡಿ ಹಿಡಿದಿದ್ದನ್ನ ಸುಮ್ನೆ ತುಂಬಿ ಕಳಿಸೋಕೆ ಯಾರು ಹೇಳಿದ್ರು?"

"ನೀವಿಬ್ರೂ ಒಂದೇ ಜಗಲಿ ಮೇಲಿದೀರಿ. ನಾನು ಅಂಚೆಯೋಳಾ?" ಎಂದು ಕಾಮಾಕ್ಷಮ್ಮ ಹಾಲಿನ ಪಾತ್ರೆ ಎತ್ತಿಕೊಂಡು ಕೊಟ್ಟಿಗೆಗೆ ಹೋಗಿಬಿಟ್ಟರು.

ತಮ್ಮಯ್ಯ ಗೋಡೆಯತ್ತ ತಿರುಗಿ ಹೇಳಿದರು. "ಒಬ್ಬನಿಗಲ್ಲ. ಇಪ್ಪತ್ತಮೂರು ಜನಕ್ಕೆ ಹೇಳಿದೀನಿ, ಬನ್ನಿ ಕೊಡ್ತೀನಿ ಅಂತ. ಹೆಸರು ಬರ್ಕೊಂಡಿದೀನಿ. ಈಗ ಮಾತು ಹಿಂದಕ್ಕೆ ತಗೊ ಅಂದ್ರೆ ಆಗಲ್ಲ."

"ಬಂದೋರು ಎಷ್ಟು ಜನ?" ಶರ್ಮಿಳಾ ಸತೀಶನನ್ನು ನೋಡಿ ಕೇಳಿದಳು.

"ಇಲ್ಲೀಗಂಟ ಬಂದೋರು ಇವ್ರೊಬ್ರೇ," ಎಂದರು ತಮ್ಮಯ್ಯ ಗೋಡೆಗೆ.

ಸತೀಶ ಅಂದ: "ಬಿಟ್ಬಿಡು ಕಣೇ. ಶೆಡ್ ಯೋಗಾನಂದಣ್ಣಂಗೆ ಕೊಡೋಣ. ಹಿಕ್ಕೆ ತೋಟಕ್ಕೆ ಹಾಕಿದ್ರೆ ನಷ್ಟ ಏನಿಲ್ಲ."

ಶರ್ಮಿಳಾ ಒಳಗೆ ಹೋದಳು. ಮುದ್ದೆಗೆ ಎಸರಿಟ್ಟು, ಹಿಟ್ಟು ಹಾಕಿ, ಕೋಲು ಹಿಡಿದು ತಿರುವುತ್ತಲೇ ಯೋಚಿಸಿದಳು. ಇನ್ನೂರು ಜನ ಪುಟ ನೋಡಿದ್ದು ನಿಜ. ಇಪ್ಪತ್ತಮೂರು ಜನ ಫೋನ್ ಮಾಡಿದ್ದೂ ನಿಜ. ಅಂದರೆ ಬರೆದದ್ದು ತಪ್ಪಾಗಿರಲಿಲ್ಲ. ಇಷ್ಟು ದಿನ ತಪ್ಪು ಹುಡುಕಿದ ಜಾಗದಲ್ಲಿ ತಪ್ಪೇ ಇರಲಿಲ್ಲ.

ಊಟಕ್ಕೆ ಬಡಿಸಿ, ಅವಳು ಮಾವನ ಎದುರು ಬಂದು ನಿಂತಳು. ಅತ್ತೆಯ ಕಡೆ ತಿರುಗಲಿಲ್ಲ.

"ಮಾವ, ನೀವು ಕೊಟ್ಟ ಮಾತು ಹಂಗೇ ಇರ್ಲಿ. ಯಗಟಿಗೆ ಬಂದೋರಿಗೆ ಒಂದು ಚೀಲ ಸುಮ್ನೆ ಕೊಡಣ. ಅವರವರ ಮನೆ ಬಾಗಿಲಿಗೆ ಕಳಿಸು ಅಂದೋರಿಗೆ ಮಾತ್ರ ರೇಟು. ನೀವು ಬನ್ನಿ ಅಂದಿದ್ರಿ, ಕಳಿಸ್ತೀನಿ ಅಂದಿರ್ಲಿಲ್ಲ. ಆ ಪುಸ್ತಕ ಒಂದು ದಿನದ ಮಟ್ಟಿಗೆ ಕೊಡಿ."

ಸತೀಶನ ಕೈಯ ತುತ್ತು ಕೈಯಲ್ಲೇ ಉಳಿಯಿತು. ತಮ್ಮಯ್ಯ ಬಾಯಲ್ಲಿದ್ದ ಮುದ್ದೆ ನುಂಗಿದರು. ಆಮೇಲೆ ಎಡಗೈಯಿಂದ ಜೇಬಿನ ಪುಸ್ತಕ ತೆಗೆದು ನೆಲದ ಮೇಲಿಟ್ಟು ಅವಳ ಕಡೆ ಜರುಗಿಸಿದರು.

"ಕಾಮಾಕ್ಷಿ, ಹಾಳೆ ಹರೀಬೇಡ ಅಂತ ಹೇಳು."

ಮಾರನೆಯ ಬೆಳಿಗ್ಗೆ ಅವಳು ಶೆಡ್ಡಿನಲ್ಲಿ ಮೂಟೆಯ ಮೇಲೆ ಕೂತು ಮೊದಲ ನಂಬರು ಒತ್ತಿದಳು.

"ನಾನು ಯಗಟಿಯಿಂದ ಶರ್ಮಿಳಾ ಅಂತ. ಕುರಿಗೊಬ್ಬರಕ್ಕೆ ಫೋನ್ ಮಾಡಿದ್ರಲ್ಲ?"

"ಹೌದಮ್ಮ," ಎಂದ ಮೈಸೂರಿನ ಗುಲಾಬಿಯವನು. "ನಿಮ್ಮನೆ ಹಿರಿಯರು ಸುಮ್ನೆ ಕೊಡ್ತೀನಿ ಅಂದ್ಬಿಟ್ರು. ಪುಕ್ಕಟೆ ಗೊಬ್ಬರಕ್ಕೆ ಅಂತ ಅಷ್ಟು ದೂರ ಹೇಗೆ ಬರೋದು? ಕಳಿಸಿ ಅಂತ ಕೇಳೋಕೂ ನಾಚಿಕೆ ಆಯ್ತು."

ಅವಳು ಷರತ್ತು ಹೇಳಿದಳು. ಬಂದರೆ ಸುಮ್ಮನೆ, ಕಳಿಸಿದರೆ ಬೆಲೆ. ಅವನು ಮೂರು ಚೀಲ ಕೇಳಿದ.

ಎಲ್ಲರ ಕಥೆಯೂ ಹೆಚ್ಚುಕಡಿಮೆ ಅದೇ. ಅಜ್ಜಂಪುರದ ಸುಲೋಚನಮ್ಮ ಎಂಬ ನಿವೃತ್ತ ಟೀಚರು ಮಾತ್ರ ಬೈದರು. "ಬೆಲೆ ಕೇಳಿದ್ರೆ ಯಾರ ಪೈಕಿ ಅಂತ ಕೇಳ್ತಾರಲ್ಲಮ್ಮ ನಿಮ್ಮ ಮಾವ. ಹಿಕ್ಕೆ ಕೊಡ್ತಾರೋ ಹೆಣ್ಣು ಕೊಡ್ತಾರೋ ಅಂತ ತಿಳೀಲಿಲ್ಲ." ಬೈದು ಮುಗಿಸಿ ಐದು ಚೀಲ ಕೇಳಿದರು. "ಆ ಬುಡದಿಂದ ಒಂದು ಗೇಣು ದೂರ ಅಂದ್ರಲ್ಲ, ಮನೇಲಿದ್ದ ಸಗಣಿ ಗೊಬ್ಬರಾನೇ ಹಂಗೆ ಹಾಕಿದೆ. ಮಲ್ಲಿಗೆ ಚಿಗುರಿದೆ ಅಂತ ಹೇಳಮ್ಮ ಅವ್ರಿಗೆ."

ಇಪ್ಪತ್ತಮೂರರಲ್ಲಿ ಹತ್ತೊಂಬತ್ತು ಜನ ಕಳಿಸಿ ಎಂದರು. ಅವರಲ್ಲಿ ತರೀಕೆರೆ ಹತ್ತಿರ ನರ್ಸರಿ ಇಟ್ಟಿದ್ದವನೊಬ್ಬ ಒಟ್ಟಿಗೆ ಎಂಟು ಮೂಟೆ ಕೇಳಿದ.

ಅಂದೇ ಅವಳು ಲ್ಯಾಪ್‌ಟಾಪ್ ತೆರೆದು ಮಾವನ ನಂಬರು ಅಳಿಸಿ ತನ್ನದನ್ನು ಹಾಕಿದಳು. ಸತೀಶ ಹಿಂದೆ ನಿಂತು ನೋಡುತ್ತಿದ್ದ.

"ಹೇಳಿದ್ನಲ್ಲ, ಕಂಡಕಂಡೋರೆಲ್ಲ ಫೋನ್ ಮಾಡ್ತಾರೆ ಅಂತ."

"ಮಾಡ್ಲಿ ಅಂತಾನೇ ಅಲ್ವೇನ್ರೀ ವೆಬ್‌ಸೈಟ್ ಮಾಡಿರೋದು?"

ಒಂದೆರಡು ಕೆಟ್ಟ ಫೋನು ಬಂದದ್ದೂ ಉಂಟು. ಎರಡನೆಯದನ್ನು ಕಾಮಾಕ್ಷಮ್ಮ ಕಿತ್ತುಕೊಂಡು ಮಾತಾಡಿದರು. ಆ ನಂಬರಿನಿಂದ ಮತ್ತೆ ಫೋನ್ ಬರಲಿಲ್ಲ.

ಪುಟಕ್ಕೆ ಇನ್ನೊಂದು ಭಾಗವೂ ಸೇರಿತು. "ಗಿಡಕ್ಕೆ ಹಾಕುವುದು ಹೇಗೆ" ಎಂಬ ತಲೆಬರಹದ ಕೆಳಗೆ, ಹಾಗೇ ಹಾಕಬೇಡಿ, ಹಿಂದಿನ ದಿನ ನೆನೆಸಿ, ಬುಡದಿಂದ ಒಂದು ಗೇಣು ದೂರ ಎಂದು ಮಾವ ಹೇಳಿದ್ದನ್ನೇ ಬರೆದು, ಕೊನೆಗೆ "ಹೇಳಿದವರು: ತಮ್ಮಯ್ಯ, ತೆಂಗು ಬೆಳೆಗಾರರು" ಎಂದು ಹಾಕಿದಳು. "ಯಗಟಿಗೆ ಬಂದವರಿಗೆ ಒಂದು ಚೀಲ ಉಚಿತ" ಎಂಬುದನ್ನೂ ಸೇರಿಸಿದಳು.

"ಊಟಾನೂ ಉಂಟು ಅಂತ ಬರಿ," ಎಂದ ಸತೀಶ.

"ಬರೀಬ್ಯಾಡ ಕಣೇ," ಎಂದರು ಕಾಮಾಕ್ಷಮ್ಮ ಒಲೆಯ ಮುಂದಿನಿಂದ. "ಬಸ್ ಮಾಡ್ಕೊಂಡು ಬಂದಾರು."

ಆಮೇಲಿನ ನಾಲ್ಕು ವಾರ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ ತಾನಾಗಿ ಅಂಟಿಕೊಂಡಿತು. ಅಂಚೆ ಕಚೇರಿಗೆ ಚೀಲ ಹೊತ್ತು ಹಾಕುವುದು ಸತೀಶನ ಪಾಲಾಯಿತು. ಕಡೂರಿನ ತರಗತಿಯ ದಿನ ಕಾಮಾಕ್ಷಮ್ಮ ತಾವೇ ಹಾಲು ಕರೆದರು. ಕರೆದದ್ದನ್ನು ನಾಲ್ಕು ಸಲ ಹೇಳಿಯೂ ಹೇಳಿದರು. ತಮ್ಮಯ್ಯ ಶೆಡ್ಡಿನ ಬಾಗಿಲಲ್ಲಿ ಹಾದುಹೋಗುವಾಗ ನಿಂತು ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡುವರು. ಏನೂ ಹೇಳುವುದಿಲ್ಲ. ಒಂದು ದಿನ ಮಾತ್ರ, "ಕಾಮಾಕ್ಷಿ, ಜರಡಿ ಇನ್ನೊಂದು ಸುತ್ತು ಸಣ್ಣದು ತರೋಕೆ ಹೇಳು," ಎಂದರು.

ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ಸತೀಶ ಶೆಡ್ಡಿಗೆ ಹೋಗಿ ಮೂಟೆ ಎಣಿಸಿದ. ಎಣ್ಣೆ ಸ್ನಾನಕ್ಕೆ ಸೀಗೆಪುಡಿ ಕುಟ್ಟುತ್ತಿದ್ದ ಕಾಮಾಕ್ಷಮ್ಮ ಅಲ್ಲಿಂದಲೇ ಕೇಳಿದರು.

"ಎಷ್ಟೋ?"

"ಹದಿನೇಳು ಅದಾವೆ. ಆದ್ರೆ ಅವ್ವ, ಮೂರು ಅಪ್ಪ ಸುಮ್ನೆ ಕೊಟ್ಟಿದ್ದು. ಮಾರಿದ್ದು ಲೆಕ್ಕ ಹಾಕಿದ್ರೆ ಇಪ್ಪತ್ತೇ."

"ನಲವತ್ತರಲ್ಲಿ ಅರ್ಧ ಎಷ್ಟೋ?"

ಸತೀಶ ಫೋನ್ ತೆಗೆದು ಬೇವಿನ ಮರದಡಿಗೆ ಹೋದ. "ಯೋಗಾನಂದಣ್ಣ, ಶೆಡ್ ಸಿಗಲ್ಲ ಕಣಣ್ಣ. ಇಲ್ಲ, ಬೇರೆಯೋರಿಗಲ್ಲ. ನಮ್ಮನೇಗೇ ಬೇಕಾಯ್ತು. ನಮ್ಮನೆಯೋಳ ಬಿಸಿನೆಸ್ಸು." ಕೊನೆಯ ಮಾತನ್ನು ಅವನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದ. ಒಳಗೆ ಒಬ್ಬಟ್ಟಿಗೆ ಬೇಳೆ ಬೇಯಿಸುತ್ತಿದ್ದ ಶರ್ಮಿಳಾಗೆ ಕೇಳಿಸಿತು. ಅವಳು ಉರಿ ತಗ್ಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

ಹನ್ನೊಂದು ಗಂಟೆಗೆ ಕರಿಸಿದ್ದಪ್ಪ ಬಂದು ಜಗಲಿಯ ಕಂಬಕ್ಕೆ ಒರಗಿ ಕೂತ. ವೆಬ್‌ಸೈಟಿನ ಫೋಟೋದಲ್ಲಿದ್ದ ರುಮಾಲನ್ನೇ ಸುತ್ತಿದ್ದ.

"ತಮ್ಮಯ್ಯಣ್ಣ, ನಮ್ಮ ಹಿಕ್ಕೆ ಬೆಂಗ್ಳೂರ್ಗಂಟ ಹೋಗ್ತದಂತಲ್ಲ. ಹಂಗಾದ್ರೆ ರೇಟ್ ಸ್ವಲ್ಪ ನೋಡ್ಬೇಕು. ಇನ್ನೊಂದು ನಲವತ್ತು ಮೂಟೆ ಕೂಡಾಕಿದೀನಿ."

ತಮ್ಮಯ್ಯ ಬಾಯಿ ತೆರೆದವರು ಹಾಗೇ ನಿಂತರು. ಒಳಬಾಗಿಲ ಕಡೆ ತಿರುಗಿದರು. ಕಾಮಾಕ್ಷಮ್ಮ ಅಲ್ಲೇ ಕೂತು ಸೀಗೆಪುಡಿ ಸೋಸುತ್ತಿದ್ದರೂ ಅವರನ್ನು ಕರೆಯಲಿಲ್ಲ.

"ಶರ್ಮಿಳಾ, ಕರಿಸಿದ್ದಪ್ಪ ಬಂದವ್ನೆ ಕಣಮ್ಮ. ಏನು ಹೇಳ್ಲಿ?"

ಒಳಗೆ ಸೌಟಿನ ಸದ್ದು ನಿಂತಿತು. ಕಾಮಾಕ್ಷಮ್ಮ ಜರಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಗಂಡನನ್ನು ನೋಡಿದರು. ಶರ್ಮಿಳಾ ಬಾಗಿಲಿಗೆ ಬಂದಳು.

"ನಲವತ್ತೂ ಇಳಿಸ್ಲಿ ಮಾವ. ರೇಟು ಊಟ ಆದ್ಮೇಲೆ ನಾನೇ ಮಾತಾಡ್ತೀನಿ. ಎಲೆ ಹಾಕ್ತೀನಿ, ಕೂತ್ಕೊಳ್ಳೋಕೆ ಹೇಳಿ."

ಅಷ್ಟರಲ್ಲಿ ತಮ್ಮಯ್ಯನ ಗುಂಡಿ ಫೋನು ಹೊಡೆದುಕೊಂಡಿತು. ಹಳೆಯ ನಂಬರು ಇನ್ನೂ ಕೆಲವರ ಬಳಿ ಉಳಿದಿತ್ತು.

"ಹೌದು, ಯಗಟಿ. ಹಿಕ್ಕೆನಾ? ಅದೆ. ಬಂದ್ರೆ ಒಂದು ಚೀಲ ಸುಮ್ನೆ, ಕಳಿಸಿ ಅಂದ್ರೆ ರೇಟು. ಇಲ್ಲ ಸ್ವಾಮಿ, ಕಮ್ಮಿ ಮಾಡೋಕೆ ನಂದಲ್ಲ ಅದು, ನಮ್ಮ ಸೊಸೆ ವ್ಯಾಪಾರ. ಅವಳ ನಂಬರ್ ಹೇಳ್ತೀನಿ, ಬರ್ಕಳಿ."

ಪುಸ್ತಕ ಅವರ ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ. ಅಂಗಳದ ಬೇವಿನ ಮರವನ್ನು ನೋಡುತ್ತ, ಹತ್ತು ಅಂಕಿಯನ್ನೂ ಒಂದೊಂದಾಗಿ, ನಿಧಾನವಾಗಿ, ಬಾಯಿಪಾಠದಿಂದ ಹೇಳಿದರು.

ಅಡುಗೆಮನೆಯಲ್ಲಿ ಫೋನು ಹೊಡೆದುಕೊಂಡಿತು.

"ನಮಸ್ಕಾರ, ಯಗಟಿ ಹಿಕ್ಕೆ. ಶರ್ಮಿಳಾ ಮಾತಾಡ್ತಿರೋದು."